ಮೂರು ಕೊರಳಿನ ಕಾವ್ಯ

ಕಂಪ್ಲಿಗೂ ಸಂಡೂರಿಗೂ ನಡುವೆ ದರೋಜಿ. ಹೊರಗಿನವರಿಗೆ ಈ ಊರು ಗೊತ್ತಿರುವುದು ಕರಡಿಧಾಮದಿಂದ. ಹಂಪಿ ನೋಡಲು ಬಂದವರು ಸಂಜೆ ಬಂಡೆಗಳ ಮೇಲೆ ಕಾಣಿಸಿಕೊಳ್ಳುವ ಕರಡಿಗಳಿಗಾಗಿ ಇಲ್ಲಿಗೂ ಬರುತ್ತಾರೆ. ಹಾಡುಗಬ್ಬದ ರುಚಿ ಹತ್ತಿದವರಿಗೆ ಮಾತ್ರ ದರೋಜಿ ಎಂದರೆ ಈರಮ್ಮ. ಬುಡ್ಗ ಜಂಗಮರ ಅರೆ ಅಲೆಮಾರಿ ಕುಟುಂಬದಲ್ಲಿ 1930ರ ಸುಮಾರಿಗೆ ಹುಟ್ಟಿ, ತಂದೆ ಲಾಲಪ್ಪನವರಿಂದ ಎಳವೆಯಲ್ಲೇ ಕಥೆ ಕಲಿತು, 2014ರ ಆಗಸ್ಟ್ 12ರಂದು ತೀರಿಕೊಂಡ ಈ ತಾಯಿಯ ಹೆಸರಿಗೆ ಕಲೆಯ ಹೆಸರೇ ಮನೆತನದ ಹೆಸರಿನಂತೆ ಅಂಟಿಕೊಂಡಿತು: ಬುರ್ರಕಥಾ ಈರಮ್ಮ.

ಅವರ ಬಗ್ಗೆ ಬರೆದವರಲ್ಲಿ ಹಲವರು ಒಂದು ಲೆಕ್ಕ ಕೊಡುತ್ತಾರೆ. ಹನ್ನೆರಡು ಜನಪದ ಮಹಾಕಾವ್ಯಗಳು, ಎರಡು ಲಕ್ಷ ಪದಗಳು, ಅಚ್ಚಿಗಿಳಿಸಿದರೆ 7000 ಪುಟ. ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಪುಟಕ್ಕೆ ಮೂವತ್ತು ಪದವೂ ಬೀಳುವುದಿಲ್ಲ. ಎಲ್ಲೋ ಒಂದು ಸಂಖ್ಯೆ ತಪ್ಪಿದೆ, ಆದರೂ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಬಂದಿದೆ. ಓದು ಬರಹ ಬಾರದ ಗಾಯಕಿಯ ಹಿರಿಮೆಯನ್ನು ಪುಟದಲ್ಲಿ ಅಳೆಯಲು ಹೊರಟದ್ದೇ ಮೊದಲ ತಪ್ಪು. ಒಂದೇ ಕಥೆ ಒಂದು ರಾತ್ರಿ ಹಿಗ್ಗುತ್ತದೆ, ಮತ್ತೊಂದು ರಾತ್ರಿ ಕುಗ್ಗುತ್ತದೆ. ಕೇಳುವವರು ಕಣ್ಣೀರಿಟ್ಟಲ್ಲಿ ಹಾಡುವವಳು ನಿಂತುಕೊಳ್ಳುತ್ತಾಳೆ, ಆಕಳಿಸಿದಲ್ಲಿ ಮುಂದಕ್ಕೆ ಓಡುತ್ತಾಳೆ. ಇದಕ್ಕೆ ಪುಟಸಂಖ್ಯೆ ಇಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಬುರ್ರಕಥೆ ಒಬ್ಬರ ಕಲೆಯೇ ಅಲ್ಲ. ನಡುವೆ ತಂಬೂರಿ ಹಿಡಿದ ಮುಖ್ಯ ಗಾಯಕಿ, ಎರಡು ಮಗ್ಗುಲಲ್ಲಿ ಚರ್ಮವಾದ್ಯ ಬಾರಿಸುವ ಇಬ್ಬರು. ಈರಮ್ಮನ ಮಗ್ಗುಲಲ್ಲಿ ನಿಂತವರು ತಂಗಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ. ಇವರು ಬರೀ ಹಿಮ್ಮೇಳದವರಲ್ಲ. ನಡುವಿನವಳು ಒಂದು ಸಾಲು ಎತ್ತಿದರೆ ಇವರು ಅದನ್ನು ಹಿಡಿದು ತಿರುಗಿಸಿ ಕೊಡುತ್ತಾರೆ, ‘ಆಮೇಲೇನಾಯ್ತು’ ಎಂದು ಕೇಳುತ್ತಾರೆ, ಹ್ಞೂಂಗುಟ್ಟುತ್ತಾರೆ, ‘ತಂದಾನ ತಾನ’ ಎಂದು ಉಸಿರು ತೆಗೆದುಕೊಳ್ಳಲು ಎಡೆ ಮಾಡಿಕೊಡುತ್ತಾರೆ. ಮುಂದಿನ ಸಾಲು ಹುಟ್ಟುವುದು ಆ ಅರೆಗಳಿಗೆಯಲ್ಲಿ. ಅಂದರೆ ಮುಖ್ಯ ಗಾಯಕಿಯ ನೆನಪಿನ ಅರ್ಧ ಭಾರವನ್ನು ಮಗ್ಗುಲಿನವರು ಹೊತ್ತಿರುತ್ತಾರೆ. ಒಂದೇ ಮನೆಯ ಹೆಂಗಸರು ಅಡುಗೆ, ಮಕ್ಕಳು, ಊರಿಂದೂರಿನ ನಡಿಗೆ ಎಲ್ಲವನ್ನೂ ಹಂಚಿಕೊಂಡು ಬದುಕಿದವರಾದ್ದರಿಂದ ಈ ಕೊಡುಕೊಳೆಗೆ ಬೇರೆ ತಾಲೀಮು ಬೇಕಿರಲಿಲ್ಲ.

ತೆಲುಗು ನಾಡಿನ ಬುರ್ರಕಥೆಯನ್ನು ಪಕ್ಕಕ್ಕಿಟ್ಟು ನೋಡಿದರೆ ದರೋಜಿಯ ದಾರಿ ಸ್ಪಷ್ಟವಾಗುತ್ತದೆ. ಅಲ್ಲಿ 1940ರ ದಶಕದಲ್ಲಿ ಪ್ರಜಾನಾಟ್ಯ ಮಂಡಲಿ ಎಂಬ ರಂಗಸಂಘಟನೆ ಈ ಕಲೆಯನ್ನು ಕೈಗೆತ್ತಿಕೊಂಡಿತು. ಕಲಾವಿದ ಶೇಖ್ ನಾಜರ್ ಅದನ್ನು ಸಾವಿರಾರು ಜನರ ಮುಂದೆ ನಿಲ್ಲಿಸಿದರು. ಒಂದು ಬದಿಯವನು ಹಾಸ್ಯ, ಇನ್ನೊಂದು ಬದಿಯವನು ರಾಜಕೀಯ ಎಂದು ಪಾತ್ರಗಳು ಗಟ್ಟಿಯಾದವು. ಎರಡು ಮೂರು ಗಂಟೆಯಲ್ಲಿ ಮುಗಿಯುವ, ಕೆಚ್ಚು ತುಂಬುವ ಪ್ರದರ್ಶನ ಅದು. ಅದರ ಸಾಧನೆ ದೊಡ್ಡದು. ಆದರೆ ವೇದಿಕೆಗೆ ಏರಿದಾಗ ಕಥೆಯ ನಿಧಾನ ಹೋಯಿತು, ಹೆಂಗಸರ ಕೂಟದ ಆಪ್ತತೆಯೂ ಹೋಯಿತು. ಈರಮ್ಮನ ಬಳ್ಳಾರಿ ಸೀಮೆಯ ಬುರ್ರಕಥೆ ಆ ಎರಡನ್ನೂ ಉಳಿಸಿಕೊಂಡಿತು. ಮನೆಮಾತು ತೆಲುಗಾಗಿರುವ ಸಮುದಾಯದ ಹೆಣ್ಣುಮಕ್ಕಳು ರಾತ್ರಿಯಿಡೀ ಕನ್ನಡದಲ್ಲಿ ಕಾವ್ಯ ಹಾಡಿದರು. ಕನ್ನಡದ ಮೌಖಿಕ ಕಾವ್ಯ ಯಾರ ಬಾಯಲ್ಲಿ ಉಳಿದು ಬಂತು ಎಂದು ಕೇಳುವವರು ಈ ಮಾತನ್ನು ಮರೆಯಬಾರದು.

ಕರ್ನಾಟಕದೊಳಗಿನ ಹೋಲಿಕೆಯೂ ಬೇಕು. ಮಲೆ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಹಾಡುತ್ತಾರೆ, ಮಂಟೇಸ್ವಾಮಿಯದನ್ನು ನೀಲಗಾರರು. ಆ ಕಾವ್ಯಗಳಿಗೆ ಗದ್ದುಗೆ ಇದೆ, ಜಾತ್ರೆ ಇದೆ, ದೀಕ್ಷೆ ಪಡೆದ ಗುಡ್ಡರಿದ್ದಾರೆ, ಹರಕೆ ಹೊತ್ತ ಒಕ್ಕಲಿದೆ. ಹಾಡುವವನು ಸೋತರೂ ದೇವರು ಕಥೆಯನ್ನು ಕಾಯುತ್ತಾನೆ. ಬುರ್ರಕಥೆಗೆ ಅಂಥ ಆಸರೆ ಇಲ್ಲ. ಕಥೆ ಹಿಡಿಸಿದರೆ ಮೊರದಲ್ಲಿ ಜೋಳ, ಹಿಡಿಸದಿದ್ದರೆ ಮುಂದಿನ ಊರು. ಹಾಗಾಗಿ ಈ ಗಾಯಕಿಯರು ತಮ್ಮದಲ್ಲದ ಕಥೆಗಳನ್ನು ತಮ್ಮವಾಗಿ ಮಾಡಿಕೊಳ್ಳಬೇಕಾಯಿತು. ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜಯಸಿಂಗರಾಜ, ಕುಮಾರರಾಮ: ಈರಮ್ಮನ ಪಟ್ಟಿಯಲ್ಲಿ ಎಲ್ಲ ಕುಲದ, ಎಲ್ಲ ದಿಕ್ಕಿನ ಕಥೆಗಳಿವೆ. ಇದನ್ನು ಕೆಲವರು ಕಲಬೆರಕೆ ಎಂದಾರು. ಈ ಪರಂಪರೆಯ ನಿಜವಾದ ಬಲ ಇದೇ. ಸ್ವಂತ ಗುಡಿಯಿಲ್ಲದವರು ಸೀಮೆಯ ಎಲ್ಲರ ನೆನಪಿಗೂ ವಾರಸುದಾರರಾದರು.

ಕುಮಾರರಾಮನ ಕಥೆಯನ್ನೇ ನೋಡಬಹುದು. ಅದು ಇದೇ ನೆಲದ್ದು. ಅಪ್ಪ ಕಂಪಿಲರಾಯ ಕಂಪ್ಲಿ ಸೀಮೆಯ ಅರಸ. ಹಂಪಿಯ ಹೇಮಕೂಟದ ಮೇಲೆ ಅವನು ಮೂರು ಶಿವಲಿಂಗಗಳನ್ನು ಸ್ಥಾಪಿಸಿದ ಶಾಸನವಿದೆ. ಹೊಸಮಲೆದುರ್ಗ ಸಂಡೂರಿನ ಬೆಟ್ಟಗಳಲ್ಲಿ, ಕುಮ್ಮಟದುರ್ಗ ಹೊಳೆಯಾಚೆ ಗಂಗಾವತಿಯ ಕಡೆ. ದೆಹಲಿಯ ಸುಲ್ತಾನ ತುಘಲಕ್‌ಗೆ ತಿರುಗಿಬಿದ್ದು ಓಡಿ ಬಂದ ಸುಲ್ತಾನನ ಬಂಧುವಿಗೆ ಆಶ್ರಯ ಕೊಟ್ಟದ್ದಕ್ಕೆ 1327ರಲ್ಲಿ ಈ ರಾಜ್ಯ ಬೆಂದುಹೋಯಿತು. ಅರಮನೆಯ ಹೆಂಗಸರು ಬೆಂಕಿಗೆ ಹಾರಿದ್ದನ್ನು ದೂರದೇಶದ ಯಾತ್ರಿಕ ಇಬ್ನ್ ಬತೂತ ಬರೆದಿಟ್ಟ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯ ಕಟ್ಟಿದ. ಬೇಡರು ಕುಮಾರರಾಮನನ್ನು ದೇವರು ಮಾಡಿಕೊಂಡರು.

ಕಥೆಯ ನಡುಮನೆಯಲ್ಲಿ ಇರುವವಳು ರತ್ನಾಜಿ. ಮುದಿ ಗಂಡನ ಕಿರಿಯ ಹೆಂಡತಿ, ಮಲಮಗನ ಮೇಲೆ ಮನಸ್ಸಿಟ್ಟವಳು, ಅವನು ಒಲ್ಲೆನೆಂದಾಗ ಸುಳ್ಳು ದೂರು ಹೇಳಿ ತಲೆ ಕಡಿಸಲು ಹೊರಟವಳು. ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸುತ್ತಾನೆ. ಶಿಷ್ಟ ಕವಿ ಇದನ್ನು ಪರನಾರೀ ಸಹೋದರನ ಶೀಲದ ಕಥೆಯಾಗಿ ಬರೆಯುತ್ತಾನೆ, ರತ್ನಾಜಿ ಪಾಪಿಯಾಗುತ್ತಾಳೆ. ಬುರ್ರಕಥೆಯಲ್ಲಿ ರಾಮನ ಮಾತನ್ನೂ ರತ್ನಾಜಿಯ ಮಾತನ್ನೂ ಆಡುವುದು ಒಂದೇ ಹೆಣ್ಣು ಕೊರಳು. ಆಸೆಯನ್ನು ಹಾಡುವಾಗ ಅದು ಆಸೆಯ ಒಳಗೆ ನಿಂತೇ ಹಾಡಬೇಕು. ತೀರ್ಪು ಕೊಡುವ ಮೊದಲು ಆ ಹೆಂಗಸಿನ ಉಸಿರನ್ನು ಉಸಿರಾಡಬೇಕು. ಬರೆದ ಕಾವ್ಯಕ್ಕೆ ಈ ಬಲವಂತ ಇಲ್ಲ. ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಮಾತ್ರ ಓದುವವರು ಒಂದು ದೊಡ್ಡ ಭಾಗವನ್ನು ಕಳೆದುಕೊಳ್ಳುತ್ತಾರೆ ಎನ್ನಲು ಇದೊಂದೇ ಸಾಕು.

ಮನ್ನಣೆ ತಡವಾಗಿ ಬಂತು, ಆದರೆ ಬಂತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2012ರಲ್ಲಿ ಜಾನಪದಶ್ರೀ. ಅಕ್ಷರ ಬಾರದವರನ್ನು ವಿಶ್ವವಿದ್ಯಾಲಯವೊಂದು ನಾಡಿನ ಗುರು ಎಂದು ಕರೆದದ್ದು ಸಣ್ಣ ಸಂಗತಿಯಲ್ಲ. ರಷ್ಯಾದಲ್ಲೂ ಇಂಥದೊಂದು ನಡೆದಿತ್ತು. ಇರಿನಾ ಫೆದೋಸೋವಾ ಎಂಬ ಓದು ಬಾರದ ರೈತ ಹೆಂಗಸಿನ ಶೋಕಗೀತೆಗಳನ್ನು ಜನಪದ ಸಂಗ್ರಾಹಕ ಬಾರ್ಸೋವ್ ಬರೆದುಕೊಂಡು 1872ರಿಂದ ಅಚ್ಚು ಹಾಕಿಸಿದ. 1896ರಲ್ಲಿ ನಿಜ್ನಿ ನವ್ಗೊರೊದ್‌ನ ಪ್ರದರ್ಶನದಲ್ಲಿ ಆಕೆ ಹಾಡಿದ್ದನ್ನು ಕೇಳಿ ಲೇಖಕ ಗೋರ್ಕಿ ಮರುಳಾಗಿ ಬರೆದ. ಮುಂದೆ ಅದೇ ನಾಡಿನಲ್ಲಿ ಈರಮ್ಮನ ಓರಗೆಯ ಲ್ಯುದ್ಮಿಲಾ ಜಿಕಿನಾ 1947ರಲ್ಲಿ ಪ್ಯಾತ್ನಿತ್ಸ್ಕಿ ಗಾನತಂಡ ಸೇರಿ ದೇಶವೇ ಗುನುಗುವ ಜನಪದ ತಾರೆಯಾದರು. ಅಲ್ಲಿ ಸರ್ಕಾರ ತಂಡಕ್ಕೆ ಸಂಬಳ, ರೇಡಿಯೊ, ರಂಗಮಂದಿರ ಕೊಟ್ಟಿತು, ಹಾಡು ನುಣುಪಾಯಿತು. ಇಲ್ಲಿ ಸರ್ಕಾರ ಮುಪ್ಪಿನಲ್ಲಿ ಗಾಯಕಿಗೆ ಶಾಲು ಹೊದಿಸಿತು, ಹಾಡು ತನ್ನ ಒರಟುತನದಲ್ಲೇ ಉಳಿಯಿತು. ಒರಟು ಉಳಿದದ್ದು ಭಾಗ್ಯ. ಆದರೆ ಕಲಿಯಲು ಬರುವ ಹುಡುಗಿಗೆ ಒಂದು ಹೊತ್ತಿನ ಕೂಲಿಯ ಭರವಸೆಯೂ ಇಲ್ಲದಿದ್ದರೆ ಹನ್ನೆರಡು ಕಾವ್ಯಗಳನ್ನು ಅವಳು ಯಾವ ಧೈರ್ಯದಿಂದ ಎದೆಗಿಳಿಸಿಕೊಂಡಾಳು?

ಈ ಕಲೆಯನ್ನು ಪೊರೆಯಬೇಕಾದ ಆಡಳಿತವೂ ಈಗ ಇಬ್ಭಾಗವಾಗಿದೆ: ಹೊಸಪೇಟೆ, ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಉತ್ಸವಗಳೂ ಅನುದಾನಗಳೂ ಈಗ ಎರಡು ಕಚೇರಿಗಳಲ್ಲಿ ಹಂಚಿಹೋಗಿವೆ. ಯಾವ ಕಚೇರಿ ಕೈಗೆತ್ತಿಕೊಂಡರೂ ಸರಿ, ತುರ್ತಾಗಿ ಆಗಬೇಕಾದ ಕೆಲಸ ಒಂದಿದೆ. ಈರಮ್ಮನ ಧ್ವನಿಮುದ್ರಣಗಳನ್ನು ಮತ್ತೆ ಕೇಳಿ, ಈ ಸಲ ಮೂರು ಕೊರಳನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಮುಖ್ಯ ಗಾಯಕಿಯ ಸಾಲು ಎಲ್ಲಿ ನಿಂತಿತು, ಶಿವಮ್ಮ ಏನು ಕೇಳಿದರು, ಪಾರ್ವತಮ್ಮನ ವಾದ್ಯ ಎಲ್ಲಿ ಜೋರಾಯಿತು, ಕೂತವರಲ್ಲಿ ಯಾರು ನಡುವೆ ಬಾಯಿ ಹಾಕಿದರು ಎಂಬುದೆಲ್ಲ ದಾಖಲಾಗಬೇಕು. ಅದರಿಂದ ಹೊರಬರುವ ಪುಸ್ತಕದ ಹೊದಿಕೆಯ ಮೇಲೆ ಮೂರೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಬರಬೇಕು.