ಹಳೆಯ ಆಟ, ಯಾವ ಪಾಠ? ಎವರ್‌ಕ್ವೆಸ್ಟ್‌ನ ಅಭಿಮಾನಿ ಸರ್ವರ್‌ಗಳ ಒಂದು ವಿಮರ್ಶೆ

ಅಚ್ಚು ನಿಂತುಹೋದ ಪುಸ್ತಕದ ಒಂದು ಪ್ರತಿ ಯಾವುದೋ ಗ್ರಂಥಾಲಯದ ಮೂಲೆಯಲ್ಲಿ ಸಿಕ್ಕೀತು. ಹಳೆಯ ಧ್ವನಿಮುದ್ರಿಕೆ ಯಾರದೋ ಅಟ್ಟದ ಮೇಲೆ ಉಳಿದಿದ್ದೀತು. ಸಾವಿರಾರು ಜನ ಅಂತರಜಾಲದ ಮೂಲಕ ಒಂದೇ ಲೋಕದೊಳಗೆ ಪಾತ್ರಧಾರಿಗಳಾಗಿ ಆಡುವ ಆಟಗಳಿಗೆ ಈ ಭಾಗ್ಯವಿಲ್ಲ. ಅಂಗಡಿಯಲ್ಲಿ ಕೊಂಡ ಡಿಸ್ಕ್‌ನಲ್ಲಿ ಇರುವುದು ಚಿತ್ರ, ಧ್ವನಿ, ಭೂಪ್ರದೇಶ ಇಷ್ಟೇ. ಯಾವ ಮೃಗ ಎಲ್ಲಿ ಹುಟ್ಟಬೇಕು, ಎಷ್ಟು ಜೋರಾಗಿ ಹೊಡೆಯಬೇಕು, ಸತ್ತಾಗ ಯಾವ ವಸ್ತುವನ್ನು ಬಿಟ್ಟುಹೋಗಬೇಕು ಎಂಬ ನಿಯಮಗಳೆಲ್ಲ ಕಂಪೆನಿಯ ಸರ್ವರ್‌ನಲ್ಲಿರುತ್ತವೆ. ಕಂಪೆನಿ ಆ ನಿಯಮಗಳನ್ನು ಬದಲಿಸಿದ ದಿನವೇ ಹಳೆಯ ಆಟ ಕಣ್ಮರೆಯಾಗುತ್ತದೆ.

ಹೀಗೆ ಕಣ್ಮರೆಯಾದ ರೂಪವನ್ನು ಅಭಿಮಾನಿಗಳೇ ಮತ್ತೆ ಕಟ್ಟಿ ನಡೆಸುವ ವ್ಯವಸ್ಥೆಗೆ ಖಾಸಗಿ ಸರ್ವರ್ ಎಂದು ಹೆಸರು. ಇವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ: ಜನ ಹೆಚ್ಚಿರುವ ಕಡೆಗೆ ಹೋಗಿ, ಇಲ್ಲವೇ ಮೂಲಕ್ಕೆ ಹೆಚ್ಚು ಹತ್ತಿರವಿರುವ ಕಡೆಗೆ ಹೋಗಿ. ಎರಡೂ ಅರ್ಧ ಉತ್ತರಗಳೇ ಎಂಬುದನ್ನು ಎವರ್‌ಕ್ವೆಸ್ಟ್ ಆಟವನ್ನು ಮುಂದಿಟ್ಟುಕೊಂಡು ತೋರಿಸುವುದು ಈ ಲೇಖನದ ಉದ್ದೇಶ.

ಒಬ್ಬರಿಗೊಬ್ಬರು ಬೇಕಾಗುವ ಲೋಕ

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಬ್ರ್ಯಾಡ್ ಮೆಕ್ವೇಡ್, ಸ್ಟೀವ್ ಕ್ಲೋವರ್, ಬಿಲ್ ಟ್ರಾಸ್ಟ್ ಮೊದಲಾದವರು ರೂಪಿಸಿದ ಎವರ್‌ಕ್ವೆಸ್ಟ್ 1999ರ ಮಾರ್ಚ್ 16ರಂದು ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ತಿಂಗಳ ಚಂದಾ ಕೊಟ್ಟು ಆಡುವವರ ಸಂಖ್ಯೆ 4 ಲಕ್ಷ ದಾಟಿತು. ನಾರ್ರಾತ್ ಎಂಬ ಅದರ ಕಲ್ಪಿತ ಲೋಕ ಬಹಳ ಕಠೋರವಾದದ್ದು. ಪಾತ್ರ ಸತ್ತರೆ ಅದರ ಆಯುಧ, ಕವಚ, ಹಣ ಎಲ್ಲವೂ ಶವದೊಂದಿಗೆ ಬಿದ್ದಲ್ಲೇ ಉಳಿಯುತ್ತಿದ್ದವು. ಆಟಗಾರ ಬೇರೆಲ್ಲೋ ಬರಿಗೈಯಲ್ಲಿ ಎದ್ದು, ಅದೇ ಮೃಗಗಳ ನಡುವೆ ನುಸುಳಿ ಹೋಗಿ ತನ್ನ ಶವವನ್ನು ತಾನೇ ಹುಡುಕಬೇಕಿತ್ತು. ಗಳಿಸಿದ ಅನುಭವಾಂಕಗಳೂ ಕರಗುತ್ತಿದ್ದವು. ಏರಿದ ಹಂತದಿಂದ ಕೆಳಗೆ ಬೀಳುವುದೂ ಉಂಟು.

ಇದು ಶಿಕ್ಷೆಯಂತೆ ಕಾಣುತ್ತದೆ. ಆದರೆ ಈ ಶಿಕ್ಷೆಯ ಸುತ್ತಲೇ ಒಂದು ಸಮಾಜ ಬೆಳೆಯಿತು. ಕಳೆದುಹೋದ ಅನುಭವಾಂಕಗಳ ಬಹುಭಾಗವನ್ನು ಮರಳಿಸಿ ಬದುಕಿಸಲು ಮೇಲಿನ ಹಂತದ ಕ್ಲೆರಿಕ್ ಬೇಕು. ಶವವನ್ನು ಹತ್ತಿರಕ್ಕೆ ಸೆಳೆಯಲು ನೆಕ್ರೊಮ್ಯಾನ್ಸರ್ ಬೇಕು. ಮಂತ್ರಶಕ್ತಿ ಬೇಗ ತುಂಬಲು ಎನ್‌ಚಾಂಟರ್ ಬೇಕು. ದೂರ ಹೋಗಬೇಕೆಂದರೆ ಹಡಗಿಗಾಗಿ ಕಾಯಬೇಕು, ಇಲ್ಲವೇ ಡ್ರೂಯಿಡ್ ಅಥವಾ ವಿಝರ್ಡ್ ಒಬ್ಬರನ್ನು ಕೇಳಿಕೊಳ್ಳಬೇಕು. ಬಹುಪಾಲು ಪಾತ್ರಗಳು ಒಂಟಿಯಾಗಿ ಹೆಚ್ಚು ದೂರ ಸಾಗುವಂತಿರಲಿಲ್ಲ. ಹಾಗಾಗಿ ಒಳ್ಳೆಯ ಹೆಸರೇ ದೊಡ್ಡ ಆಸ್ತಿಯಾಗಿತ್ತು. ಮೋಸಗಾರನೆಂದು ಹೆಸರು ಕೆಟ್ಟವನನ್ನು ಗುಂಪಿಗೆ ಸೇರಿಸಿಕೊಳ್ಳುವವರು ಇರಲಿಲ್ಲ.

ಮುಂದಿನ ವಿಸ್ತರಣೆಗಳು ಈ ತೊಡಕುಗಳನ್ನು ಒಂದೊಂದಾಗಿ ನಿವಾರಿಸಿದವು. 2001ರ ಡಿಸೆಂಬರ್‌ನಲ್ಲಿ ಬಂದ ‘ಷ್ಯಾಡೋಸ್ ಆಫ್ ಲೂಕ್ಲಿನ್’ ಒಂದು ಮಾರುಕಟ್ಟೆಯನ್ನು ತಂದಿತು. ಅಲ್ಲಿ ಪಾತ್ರವನ್ನು ನಿಲ್ಲಿಸಿ ಮಲಗಿದರೂ ವ್ಯಾಪಾರ ತಾನಾಗಿ ನಡೆಯುತ್ತದೆ. ಸುರಂಗದಲ್ಲಿ ಸಂತೆ ಕೂಡಿ, ಕೂಗಿ, ಚೌಕಾಸಿ ಮಾಡುವ ಅಗತ್ಯ ತಪ್ಪಿತು. 2002ರ ‘ಪ್ಲೇನ್ಸ್ ಆಫ್ ಪವರ್’ ಕ್ಷಣದಲ್ಲಿ ಊರಿಂದೂರಿಗೆ ಹಾರುವ ದಾರಿ ತೆರೆಯಿತು. ಡ್ರೂಯಿಡ್‌ನನ್ನು ಕೇಳಿಕೊಳ್ಳುವವರು ಕಡಿಮೆಯಾದರು. ಪ್ರತಿಯೊಂದು ಸುಧಾರಣೆಯೂ ಆಟಗಾರರು ಬಯಸಿದ್ದೇ. ಒಟ್ಟು ಪರಿಣಾಮ ಮಾತ್ರ ಬೇರೆಯಾಯಿತು: ಪಕ್ಕದವನೊಡನೆ ಮಾತನಾಡಲು ಕಾರಣಗಳು ಒಂದೊಂದಾಗಿ ಇಲ್ಲವಾದವು.

ಮೂರು ಪಾಠಗಳು

ಓಲೆಗರಿಯ ಕಾವ್ಯವನ್ನು ಸಂಪಾದಿಸುವವರಿಗೆ ಮೂಲಪ್ರತಿ ಸಿಗುವುದು ಅಪರೂಪ. ಇದ್ದ ಪಾಠಾಂತರಗಳಿಂದ ಮೂಲವನ್ನು ಊಹಿಸಬೇಕು. ಅಭಿಮಾನಿ ಸರ್ವರ್ ಕಟ್ಟುವವರ ಕೆಲಸವೂ ಇಂಥದೇ. ಸರ್ವರ್ ಮತ್ತು ಆಟಗಾರನ ಕಂಪ್ಯೂಟರ್ ನಡುವೆ ಹರಿಯುವ ಸಂದೇಶಗಳು, ಹಳೆಯ ಚಿತ್ರಗಳು, ಆಟಗಾರರ ಟಿಪ್ಪಣಿಗಳು, ಕಂಪೆನಿಯ ಬದಲಾವಣೆ ಪಟ್ಟಿಗಳು ಇವೇ ಅವರ ಆಕರಗಳು. ಆದ್ದರಿಂದ ಪ್ರತಿ ಸರ್ವರನ್ನೂ ಒಂದು ಸಂಪಾದಿತ ಪಾಠವೆಂದು ಓದುವುದು ಸೂಕ್ತ.

ಮೊದಲನೆಯದು ನಿಷ್ಠಪಾಠ. 2009ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಪ್ರಾಜೆಕ್ಟ್ 1999’ ಇದಕ್ಕೆ ಉತ್ತಮ ನಿದರ್ಶನ. ಮೂಲ ಆಟ, ಅದರ ಮೊದಲೆರಡು ವಿಸ್ತರಣೆಗಳು, ಅಲ್ಲಿಗೆ ನಿಲುಗಡೆ. ಶುಲ್ಕವಿಲ್ಲ. ಒಬ್ಬರು ಏಕಕಾಲಕ್ಕೆ ಒಂದೇ ಪಾತ್ರ ನಡೆಸಬೇಕು. ಸೋನಿಯಿಂದ ಬೇರ್ಪಟ್ಟು ಡೇಬ್ರೇಕ್ ಎಂದು ಹೆಸರಾದ ಕಂಪೆನಿ 2015ರಲ್ಲಿ ಇವರೊಡನೆ ಒಪ್ಪಂದ ಮಾಡಿಕೊಂಡಿತು. ಹಕ್ಕುದಾರರ ಒಪ್ಪಿಗೆ ಪಡೆದ ಅಭಿಮಾನಿ ಸರ್ವರ್‌ಗಳು ವಿರಳ.

ಎರಡನೆಯದು ತಿದ್ದಿದ ಪಾಠ. ‘ದ ಹೀರೋಸ್ ಜರ್ನಿ’ ಎಂಬ ಸರ್ವರ್ ಒಂದೇ ಪಾತ್ರಕ್ಕೆ ಮೂರು ವೃತ್ತಿಗಳ ವಿದ್ಯೆ ಕೊಟ್ಟಿತು. ಹೊಡೆಯುವವನೂ ಗುಣಪಡಿಸುವವನೂ ಒಬ್ಬನೇ ಆದ ಮೇಲೆ ಜೊತೆಗಾರ ಏಕೆ? ಸಮಯವಿಲ್ಲದ ಸಂಸಾರಸ್ಥರಿಗೆ ಇದು ಹಿಡಿಸಿತು, ಜನಪ್ರಿಯವೂ ಆಯಿತು. 2025ರಲ್ಲಿ ಡೇಬ್ರೇಕ್ ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ಕಾನೂನಿನ ಪ್ರಶ್ನೆಯನ್ನು ಬದಿಗಿಟ್ಟು ಕೃತಿಯಾಗಿ ನೋಡಿದರೆ, ನೆಲ, ಮೃಗ, ಹೆಸರುಗಳು ಹಳೆಯವು; ಆಟ ಬೇರೆ.

ಮೂರನೆಯದು ಕಂಪೆನಿಯೇ ನಡೆಸುವ ಪಾಠ. ಹಳೆಯ ಹಂತದಿಂದ ಆರಂಭಿಸಿ ವಿಸ್ತರಣೆಗಳನ್ನು ಕ್ರಮವಾಗಿ ತೆರೆಯುವ ಸರ್ವರ್‌ಗಳನ್ನು ಅದೂ ನಡೆಸುತ್ತದೆ. ಕಾನೂನಿನ ಭಯವಿಲ್ಲ, ನಾಳೆ ಬಾಗಿಲು ಮುಚ್ಚೀತೆಂಬ ಆತಂಕ ಕಡಿಮೆ. ಆದರೆ ‘ಕ್ರೋನೋ’ ಎಂಬ ಚಂದಾ ಚೀಟಿಯನ್ನು ನಿಜವಾದ ಡಾಲರ್ ಕೊಟ್ಟು ಕೊಂಡು ಆಟದೊಳಗೆ ಮಾರಬಹುದು. ಜೇಬಿನ ಹಣ ಸಂತೆಯೊಳಕ್ಕೆ ಬಂದಾಗ ಒಳ್ಳೆಯ ಹೆಸರಿನ ಬೆಲೆ ಇಳಿಯುತ್ತದೆ.

ನಿಷ್ಠೆಯ ಮಿತಿ

ಹಾಗಾದರೆ ನಿಷ್ಠಪಾಠವೇ ಶ್ರೇಷ್ಠವೇ? ಅಷ್ಟು ಸರಳವಲ್ಲ. ಮೂಲದಲ್ಲಿ ಮೊದಲ ವಿಸ್ತರಣೆ 2000ದ ಏಪ್ರಿಲ್‌ನಲ್ಲಿ ಬಂದರೆ ಎರಡನೆಯದು ಅದೇ ಡಿಸೆಂಬರ್‌ನಲ್ಲಿ ಬಂತು. ಪ್ರಾಜೆಕ್ಟ್ 1999ರ ಮೊದಲ ಸರ್ವರ್ ‘ಬ್ಲೂ’ನಲ್ಲಿ ಈ ಎಂಟು ತಿಂಗಳ ಅಂತರ ನಾಲ್ಕು ವರ್ಷಕ್ಕೂ ಹೆಚ್ಚಾಯಿತು. ಪರಿಣಾಮವಾಗಿ ಕೆಲವೇ ಬಲಿಷ್ಠ ಸಂಘಗಳು ದೊಡ್ಡ ಡ್ರ್ಯಾಗನ್‌ಗಳಿಗಾಗಿ ಹಗಲಿರುಳು ಕಾವಲು ಕೂತವು. ಉಳಿದವರಿಗೆ ಅವಕಾಶ ಸಿಗಲಿಲ್ಲ. ಅಂಕಿಅಂಶಗಳೆಲ್ಲ ಮೂಲದಂತೆಯೇ ಇದ್ದರೂ ಕಾಲದ ಗತಿ ತಪ್ಪಿತ್ತು. ಔಷಧ ಸರಿಯಿದ್ದು ಅವಧಿ ತಪ್ಪಿದರೆ ರೋಗಿಗೆ ಆಗುವುದೂ ಇದೇ. 2019ರ ಅಕ್ಟೋಬರ್‌ನಲ್ಲಿ ತೆರೆದ ‘ಗ್ರೀನ್’ ಸರ್ವರ್ ಮೂಲದ ಕಾಲಾನುಕ್ರಮವನ್ನೇ ಅನುಸರಿಸಿ ಈ ದೋಷವನ್ನು ಬಹುಮಟ್ಟಿಗೆ ತಿದ್ದಿತು.

ಅದೂ ತಿದ್ದಲಾಗದ್ದು ಒಂದಿದೆ, ಆಟಗಾರರ ತಿಳಿವಳಿಕೆ. ದೇಹಬಲವನ್ನು ಮಂತ್ರಶಕ್ತಿಯಾಗಿ ಪರಿವರ್ತಿಸುವ ‘ಮಾನಾಸ್ಟೋನ್’ ಎಂಬ ಕಲ್ಲು ಮೂಲ ಆಟದಲ್ಲಿ ಕೆಲಕಾಲ ಮಾತ್ರ ಸಿಕ್ಕಿ ಆಮೇಲೆ ನಿಂತುಹೋಯಿತು. ಅದು ನಿಲ್ಲುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗ್ರೀನ್‌ನಲ್ಲಿ ಎಲ್ಲರಿಗೂ ಗೊತ್ತು. ನೂಕುನುಗ್ಗಲನ್ನು ತಡೆಯಲು ನಿರ್ವಾಹಕರು ಸರದಿ ಪಟ್ಟಿಯನ್ನೇ ಮಾಡಬೇಕಾಯಿತು. ಕಲ್ಲು ಅದೇ, ಗುಹೆ ಅದೇ. ಆಕಸ್ಮಿಕವಾಗಿ ಸಿಕ್ಕುತ್ತಿದ್ದುದು ಈಗ ರೇಷನ್ ಅಂಗಡಿಯ ಸಾಲಾಯಿತು. 1999ರ ಅಜ್ಞಾನವನ್ನು ಯಾವ ಸಂಪಾದಕನೂ ಮರಳಿ ತರಲಾರ.

ಹೊರನಾಡಿನಲ್ಲಿರುವ ನಮಗೆ ಈ ಸಮಸ್ಯೆ ಹೊಸದಲ್ಲ. ನಾವು ಬಿಟ್ಟುಬಂದ ವರ್ಷದ ಊರನ್ನೇ ನಿಜವಾದ ಊರೆಂದು ಎಷ್ಟೋ ಜನ ಇಲ್ಲಿ ಕಾಪಾಡಿಕೊಂಡಿದ್ದೇವೆ. ಊರು ಮುಂದೆ ಹೋಗಿದೆ. ನಮ್ಮ ಪ್ರತಿ ಜೀವಂತವಾಗಿರುವುದು ಅದು ಕರಾರುವಾಕ್ಕಾಗಿರುವುದರಿಂದಲ್ಲ. ಹಬ್ಬದ ಅಡುಗೆಗೆ, ನಾಟಕದ ತಾಲೀಮಿಗೆ ಒಬ್ಬರಿಗೊಬ್ಬರು ಬೇಕಾಗಿರುವುದರಿಂದ.

ಆಯ್ಕೆಯ ಮಾನದಂಡ

ನನ್ನ ದೃಷ್ಟಿಯಲ್ಲಿ ಸರ್ವರ್ ಆಯ್ಕೆಗೆ ಮುಖ್ಯ ಪ್ರಶ್ನೆ ಒಂದೇ: ಇಲ್ಲಿನ ನಿಯಮಗಳು ಒಬ್ಬ ಅಪರಿಚಿತನಿಗೆ ಇನ್ನೊಬ್ಬ ಅಪರಿಚಿತ ಬೇಕಾಗುವಂತೆ ಮಾಡುತ್ತವೆಯೇ? ಮಿಕ್ಕ ಪ್ರಶ್ನೆಗಳು ಇದರಿಂದಲೇ ಹೊರಡುತ್ತವೆ. ಒಬ್ಬರೇ ಹಲವು ಪಾತ್ರ ನಡೆಸಲು ಅವಕಾಶವಿದೆಯೇ? ಹಣ ಕೊಟ್ಟು ಬಲ ಕೊಳ್ಳಬಹುದೇ? ಸತ್ತರೆ ಏನಾದರೂ ನಷ್ಟವಿದೆಯೇ? ಕೆಳಗಿನ ಹಂತಗಳಲ್ಲಿ ಹೊಸಬರು ಕಾಣುತ್ತಾರೆಯೇ, ಅಥವಾ ಎಲ್ಲರೂ ತುದಿಯಲ್ಲೇ ಗುಂಪುಗೂಡಿದ್ದಾರೆಯೇ? ಒಟ್ಟು ಜನಸಂಖ್ಯೆಗಿಂತ ಈ ಕೊನೆಯದು ಸರ್ವರ್‌ನ ಆರೋಗ್ಯವನ್ನು ಚೆನ್ನಾಗಿ ಹೇಳುತ್ತದೆ. ಹಾಗೆಯೇ ಹಕ್ಕುದಾರರೊಡನೆ ಅದರ ಸಂಬಂಧ ಹೇಗಿದೆ ಎಂಬುದನ್ನೂ ನೋಡಬೇಕು. ವರ್ಷಗಟ್ಟಲೆ ಬೆಳೆಸಿದ ಪಾತ್ರ ಒಂದು ನೋಟಿಸಿನಿಂದ ಮಾಯವಾಗಬಹುದು.

ನಿವೃತ್ತಿಯ ನಂತರ ನಾನು ಗ್ರೀನ್‌ನಲ್ಲಿ ಕ್ಲೆರಿಕ್ ಆಗಿ ಆಡಿದೆ. ಎಲ್ಲಿಯೋ ಸತ್ತುಬಿದ್ದವರು ಬದುಕಿಸಲು ಕರೆಯುತ್ತಾರೆ. ಹೋಗಿ ಬದುಕಿಸಿ, ಧನ್ಯವಾದ ಕೇಳಿ ಬರುತ್ತೇನೆ. ದಶಕಗಳ ಕಾಲ ಕರೆ ಬಂದೊಡನೆ ಹೊರಟವರಿಗೆ, ಕರೆ ನಿಂತ ಮೇಲಿನ ಮೌನ ಎಂಥದೆಂದು ಗೊತ್ತು. ಆ ಮೌನಕ್ಕೆ ಆಟ ಮದ್ದೆಂದು ವೈದ್ಯನಾಗಿ ಬರೆದುಕೊಡಲಾರೆ. ಆದರೆ ಮೂರು ವೃತ್ತಿಗಳು ಒಬ್ಬನಲ್ಲೇ ಇರುವ ಸರ್ವರ್‌ನಲ್ಲಿ ಆ ಕರೆ ಬರುವುದಿಲ್ಲ ಎಂಬುದು ಖಚಿತ.

ಒಟ್ಟಿನಲ್ಲಿ, ಸಂಜೆಗೆ ಅರ್ಧ ಗಂಟೆ ಮಾತ್ರ ಬಿಡುವಿರುವವರು ತಿದ್ದಿದ ಪಾಠವನ್ನು ಆರಿಸಿಕೊಂಡರೆ ಆಕ್ಷೇಪಿಸುವಂಥದ್ದೇನಿಲ್ಲ. ಅದು ಇನ್ನೊಂದು ಆಟ ಎಂದು ತಿಳಿದು ಆಡಿದರಾಯಿತು. ಎವರ್‌ಕ್ವೆಸ್ಟ್ ಏನಾಗಿತ್ತೆಂದು ತಿಳಿಯಬಯಸುವವರು ಪ್ರಾಜೆಕ್ಟ್ 1999ಕ್ಕೇ ಹೋಗಬೇಕು. ಹೋಗಿ, ವಸ್ತುಗಳ ಪಟ್ಟಿಯನ್ನು ಮುಚ್ಚಿಟ್ಟು, ಮೊದಲು ಸಿಕ್ಕವರನ್ನು ದಾರಿ ಕೇಳಬೇಕು.