ಕಾರ್ಮೆಲ್ ಮಠದ ಗೋಡೆ ಯಾರ ಪರ?

1870ರಲ್ಲಿ ಫ್ರಾನ್ಸಿನಿಂದ ಎರಡು ಬಗೆಯ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿಗೆ ಬಂದರು. ಅಪೊಸ್ತಲಿಕ್ ಕಾರ್ಮೆಲ್‌ನವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನೂ ಕಟ್ಟಿದರು. ಪೋ ಪಟ್ಟಣದ ಮಠದಿಂದ ಬಂದ ಇನ್ನೊಂದು ಗುಂಪು ಶಾಲೆ ತೆರೆಯಲಿಲ್ಲ, ಆಸ್ಪತ್ರೆ ನಡೆಸಲಿಲ್ಲ. ಗೋಡೆಯೊಳಗೆ ಸೇರಿ ಪ್ರಾರ್ಥನೆಗೆ ಕುಳಿತಿತು. ಮೊದಲನೆಯವರು ಮಾಡಿದ್ದೇನೆಂದು ಕರಾವಳಿಯ ಮನೆಮನೆಗೂ ಗೊತ್ತು. ಎರಡನೆಯವರ ಬದುಕನ್ನು ಯಾವುದರಿಂದ ಅಳೆಯುವುದು?

ಸಾಮಾನ್ಯವಾಗಿ ಎರಡು ತೀರ್ಪುಗಳು ಕೇಳಿಬರುತ್ತವೆ. ಅವರ ಪ್ರಾರ್ಥನೆಯೇ ಲೋಕವನ್ನು ಕಾಯುತ್ತಿದೆ ಎನ್ನುತ್ತಾರೆ ಭಕ್ತರು. ಓದು ಬಲ್ಲ, ದುಡಿಯಬಲ್ಲ ಹೆಂಗಸರನ್ನು ಬಾಗಿಲು ಹಾಕಿ ಕೂರಿಸುವುದು ಎಂಥ ಧರ್ಮ ಎನ್ನುತ್ತಾರೆ ವಿಚಾರವಾದಿಗಳು. ಇಬ್ಬರೂ ಗೋಡೆಯ ಹೊರಗೆ ನಿಂತು ನಮಗೇನು ಸಿಕ್ಕಿತು ಎಂದು ಕೇಳುವವರೇ. ಆ ಗೋಡೆ ಒಳಗಿನ ಹೆಂಗಸರಿಗೆ ಏನು ಕೊಟ್ಟಿತು, ಅವರಿಂದ ಏನು ಕಿತ್ತುಕೊಂಡಿತು ಎಂದು ಕೇಳಿದರೆ ವಿಮರ್ಶೆಗೆ ಹೆಚ್ಚು ದಾರಿ ತೆರೆಯುತ್ತದೆ.

ಈ ಪರಂಪರೆಯನ್ನು ತಿದ್ದಿ ಕಟ್ಟಿದ ಅವಿಲಾದ ತೆರೇಸಾ 1535ರಲ್ಲಿ ಸೇರಿದ್ದು ಸ್ಪೇನಿನ ಎನ್‌ಕಾರ್ನಸಿಯೋನ್ ಎಂಬ ದೊಡ್ಡ ಮಠವನ್ನು. ಸಿರಿವಂತರ ಮನೆಯ ಸನ್ಯಾಸಿನಿಯರಿಗೆ ಅಲ್ಲಿ ಸ್ವಂತ ಕೋಣೆಗಳಿದ್ದವು, ಹೆಸರಿನ ಮುಂದೆ 'ದೋನ್ಯಾ' ಎಂಬ ಬಿರುದಿತ್ತು. ಬಡವರ ಮಕ್ಕಳು ಒಟ್ಟಾಗಿ ಒಂದೇ ಕಡೆ ಮಲಗಬೇಕಿತ್ತು. ಹೊರಗಿನ ಜಾತಿ-ಅಂತಸ್ತು ಹಾಗೆಯೇ ಒಳಗೂ ನಡೆದಿತ್ತು. ತೆರೇಸಾಳ ಅಜ್ಜ ಯಹೂದಿ ಮತದಿಂದ ಕ್ರೈಸ್ತನಾದವನು. ಹಳೆಯ ನಂಬಿಕೆ ಬಿಟ್ಟಿಲ್ಲವೆಂದು 1485ರಲ್ಲಿ ತೊಲೆದೊ ನಗರದಲ್ಲಿ ಧರ್ಮವಿಚಾರಣೆಯ ಶಿಕ್ಷೆ ಉಂಡವನು. 'ರಕ್ತಶುದ್ಧಿ'ಯ ಹೆಸರಲ್ಲಿ ಮನುಷ್ಯರನ್ನು ಅಳೆಯುತ್ತಿದ್ದ ಸಮಾಜದಲ್ಲಿ ಆ ಮನೆತನದ ಹೆಣ್ಣು ಕುಲಗೌರವದ ಮಾತನ್ನೇ ಒಪ್ಪದೆ ಹೋದದ್ದು ಆಕಸ್ಮಿಕವಲ್ಲ.

1562ರಲ್ಲಿ ಆಕೆ ತೆರೆದ ಸಂತ ಜೋಸೆಫರ ಮಠ ಈ ಅಂತಸ್ತಿಗೆ ಕೊಟ್ಟ ಉತ್ತರ. ಮೊದಲು ಹದಿಮೂರು, ಆಮೇಲೆ ಇಪ್ಪತ್ತೊಂದು ಮಂದಿ. ಅದಕ್ಕಿಂತ ಹೆಚ್ಚು ಬೇಡ. ಬಿರುದುಗಳಿಲ್ಲ. ವರದಕ್ಷಿಣೆ ತರಲಾರಳೆಂದು ಯೋಗ್ಯ ಹುಡುಗಿಯನ್ನು ತಿರುಗಿಸಿ ಕಳಿಸಬಾರದು. ಮನೆ ಗುಡಿಸುವವರ ಸರದಿ ಮಠದ ಮುಖ್ಯಸ್ಥೆಯಿಂದಲೇ ಶುರುವಾಗಬೇಕು. ಮಹಾ ದರ್ಶನಗಳ ಬಗ್ಗೆ ಪುಸ್ತಕ ಬರೆದವಳು ಪೊರಕೆಯ ಸರದಿಗೂ ನಿಯಮ ಬರೆದಳೆಂಬುದೇ ಆಕೆಯ ಬುದ್ಧಿಯ ಹದ ತೋರಿಸುತ್ತದೆ. 1582ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಂಥ ಹದಿನೇಳು ಮಠಗಳು ಎದ್ದಿದ್ದವು.

ದಿನಚರಿಯಲ್ಲೂ ಅದೇ ಹದ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನ ಧ್ಯಾನ. ನಡುನಡುವೆ ಬಲಿಪೂಜೆ, ಹೊತ್ತುಹೊತ್ತಿಗೆ ಒಟ್ಟಾಗಿ ಕೀರ್ತನೆಗಳ ಪಠಣ. ಉಳಿದಂತೆ ಹೊಲಿಗೆ, ತೋಟ, ಅಡುಗೆ. ಆದರೆ ದಿನಕ್ಕೆ ಎರಡು ಬಾರಿ ಎಲ್ಲರೂ ಸೇರಿ ಮಾತಾಡಿ ನಗಬೇಕು. ಅದು ಕೂಡ ನಿಯಮವೇ. ಕಾಯಕವಿಲ್ಲದ ಭಕ್ತಿಯನ್ನು ಅನುಮಾನದಿಂದ ನೋಡುವ ನಮ್ಮ ನಾಡಿನವರು ಇಲ್ಲಿ ಸೋಮಾರಿತನ ಹುಡುಕಿದರೆ ಸಿಗುವುದಿಲ್ಲ. ಸದಾ ಮೌನವಾಗಿದ್ದರೆ ಮನಸ್ಸು ಕೆಡುತ್ತದೆ, ಸದಾ ಮಾತಾಡಿದರೆ ಧ್ಯಾನ ಕೆಡುತ್ತದೆ ಎಂದು ತಿಳಿದ ಅನುಭವಸ್ಥೆಯ ವ್ಯವಸ್ಥೆ ಇದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು. ತೆರೇಸಾ ತಾನೇ ಆರಿಸಿಕೊಂಡ ಗೋಡೆಯನ್ನು ಬೇರೆಯವರಿಗೆ ಚರ್ಚು ಕಾನೂನಾಗಿ ಹೇರಿತು. 1298ರಲ್ಲಿ ಎಂಟನೆಯ ಬೊನಿಫಾಸ್ ಪೋಪ್ ಹೊರಡಿಸಿದ್ದ ಏಕಾಂತವಾಸದ ಕಟ್ಟಳೆಯನ್ನು ಟ್ರೆಂಟ್ ಮಹಾಸಭೆ 1563ರಲ್ಲಿ ಬಿಗಿಗೊಳಿಸಿತು. 1566ರಲ್ಲಿ ಐದನೆಯ ಪಿಯುಸ್ ಅದನ್ನು ಇನ್ನೂ ವಿಸ್ತರಿಸಿದರು. ಬೀದಿಯಲ್ಲಿ ಬಡವರ ಸೇವೆ ಮಾಡಬೇಕೆಂದಿದ್ದ ಹೆಂಗಸರೂ ಒಳಗೆ ಹೋಗಬೇಕಾಯಿತು. ಸನ್ಯಾಸಿಗಳ ಮೇಲೆ ಇಲ್ಲದ ಬಿಗಿ ಸನ್ಯಾಸಿನಿಯರ ಮೇಲೆ ಮಾತ್ರ ಯಾಕೆ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರವಿಲ್ಲ. ಗಂಡಸರ ಭಯದಲ್ಲಿ ಇದೆ.

ಸಮಾನತೆಯೂ ಪೂರ್ತಿಯಾಗಲಿಲ್ಲ. ಕೀರ್ತನೆ ಹಾಡುವವರಿಗೆ ಕಪ್ಪು ಮುಸುಕು, ಅಡುಗೆ-ಬಟ್ಟೆಯ ಕೆಲಸ ಮಾಡುವ ಅನಕ್ಷರಸ್ಥರಿಗೆ ಬಿಳಿ ಮುಸುಕು. ಬಿಳಿ ಮುಸುಕಿನವರಿಗೆ ಮತದ ಹಕ್ಕಿರಲಿಲ್ಲ. ಈ ಭೇದ ಅಳಿದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ.

ಒಳಗಿನ ಅಧಿಕಾರದ ಅಪಾಯಕ್ಕೆ ಉದಾಹರಣೆ ಮಂಗಳೂರಿನಲ್ಲೇ ಇದೆ. ಗಲಿಲಾಯದ ಇಬಿಲ್ಲಿನ್‌ನಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ, ಪೋ ಮಠದಿಂದ ಇಲ್ಲಿಗೆ ಬಂದವರಲ್ಲೊಬ್ಬಳು. ಓದು ಬರಹ ಹೆಚ್ಚು ಬಾರದ ಅರಬ್ ಹುಡುಗಿ. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಆಕೆಯ ಭಾವಸಮಾಧಿಗಳನ್ನು ಮಠದ ಹಿರಿಯರೂ ಬಿಷಪರೂ ನಂಬಲಿಲ್ಲ. 1872ರಲ್ಲಿ ಫ್ರಾನ್ಸಿಗೆ ವಾಪಸು ಕಳಿಸಿದರು. ಆಕೆ ಮುಂದೆ 1875ರಲ್ಲಿ ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ಕಾರಣಳಾದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು. ಅನುಮಾನಿಸಿದ್ದು ತಪ್ಪಲ್ಲ, ತೆರೇಸಾಳನ್ನೂ ಅನುಮಾನಿಸಿದ್ದರು. ತೊಡಕಿರುವುದು ಬೇರೆ ಕಡೆ: ವಿಧೇಯತೆಯೇ ವ್ರತವಾಗಿರುವ ಜಾಗದಲ್ಲಿ, ಮೇಲಿನವರು ತಪ್ಪು ಮಾಡಿದಾಗ ಕೆಳಗಿನವಳು ಯಾರಲ್ಲಿ ದೂರಬೇಕು?

ಇತ್ತೀಚಿನ ಸುಧಾರಣೆಗಳು ಈ ಪ್ರಶ್ನೆಯನ್ನು ಅರ್ಧ ಮುಟ್ಟಿವೆ. 2016ರ ಪೋಪರ ಆದೇಶ ಮತ್ತು 2018ರ ನಿಯಮಾವಳಿಯ ಪ್ರಕಾರ ಹುಡುಗಿಯೊಬ್ಬಳು ಆಜೀವ ವ್ರತಕ್ಕೆ ಬರುವ ಮೊದಲು ಕನಿಷ್ಠ ಒಂಬತ್ತು ವರ್ಷದ ತರಬೇತಿ ಆಗಬೇಕು. ಮಠವನ್ನು ಉಳಿಸಿಕೊಳ್ಳುವುದಕ್ಕಷ್ಟೇ ಬೇರೆ ದೇಶಗಳಿಂದ ಹುಡುಗಿಯರನ್ನು ಕರೆಸಬಾರದು; ಯುರೋಪಿನ ಖಾಲಿ ಮಠಗಳತ್ತ ಕಣ್ಣಿಟ್ಟರೆ ಈ ಮಾತು ನಮಗೂ ತಾಗುತ್ತದೆ. ಮಠಗಳು ಒಕ್ಕೂಟಕ್ಕೆ ಸೇರಬೇಕು. ಆಜೀವ ವ್ರತ ತೊಟ್ಟವರ ಸಂಖ್ಯೆ ಐದಕ್ಕೆ ಇಳಿದರೆ ತಮ್ಮ ಮುಖ್ಯಸ್ಥೆಯನ್ನು ತಾವೇ ಆರಿಸುವ ಹಕ್ಕು ಹೋಗುತ್ತದೆ. ಒಕ್ಕೂಟ ಬಂದದ್ದರಿಂದ ಒಳಗಿನವಳ ದನಿ ಕೇಳಲು ಇನ್ನೊಂದು ಕಿವಿ ಸಿಗಬಹುದು. ಆದರೆ ಈ ನಿಯಮಗಳ ಮೇಲಿರುವ ರುಜು ಕೊನೆಗೂ ರೋಮಿನ ಗಂಡಸರದ್ದೇ.

ತೆರೇಸಾ ಕಟ್ಟಿದ ಬದುಕು ಅಪರೂಪದ್ದು, ಇಂದಿಗೂ ಗೌರವಕ್ಕೆ ಅರ್ಹವಾದದ್ದು. ಅದನ್ನು ವ್ಯರ್ಥವೆನ್ನುವವರು, ಹೆಣ್ಣೊಬ್ಬಳು ಯಾರ ಸೇವೆಯನ್ನೂ ಮಾಡದೆ ತನ್ನ ಅಂತರಂಗಕ್ಕಾಗಿ ಬದುಕಬಾರದೇ ಎಂಬುದಕ್ಕೆ ಮೊದಲು ಉತ್ತರ ಕೊಡಲಿ. ಅದನ್ನು ಪವಿತ್ರವೆಂದು ಕೈಮುಗಿದು ಸುಮ್ಮನಾಗುವವರು, ಒಳಗಿರುವವಳಿಗೆ ಹೊರಬರುವ ದಾರಿ, ದೂರುವ ದಾರಿ, ತನ್ನ ನಿಯಮವನ್ನು ತಾನೇ ಬರೆಯುವ ದಾರಿ ಇದೆಯೇ ಎಂದು ವಿಚಾರಿಸಲಿ. ಗೋಡೆಯನ್ನು ಆರಿಸಿಕೊಂಡವಳಿಗೇ ಬಾಗಿಲಿನ ಮೇಲೆ ಅಧಿಕಾರ ಇರುವ ತನಕ ಕಾರ್ಮೆಲ್ ಸ್ವಾತಂತ್ರ್ಯದ ಒಂದು ರೂಪ. ಅದಿಲ್ಲವಾದರೆ ಎಷ್ಟು ಕೀರ್ತನೆ ಹಾಡಿದರೂ ಅದು ಸೆರೆಮನೆಯೇ.