ಬ್ರಹ್ಮಾವರ ಹೋಯಿತು, ಬೈಂದೂರು ಘಟ್ಟ ಹತ್ತಿತು

2008ರ ಮೇ ತಿಂಗಳ ವಿಧಾನಸಭಾ ಚುನಾವಣೆಯ ಹೊತ್ತಿಗೆ ಬ್ರಹ್ಮಾವರ ಕ್ಷೇತ್ರ ಇಲ್ಲವಾಗಿತ್ತು. ಕೋಟ, ಸಾಲಿಗ್ರಾಮದ ಕಡೆ ಕುಂದಾಪುರಕ್ಕೆ ಸೇರಿತು, ಬ್ರಹ್ಮಾವರ ಪೇಟೆ ಉಡುಪಿಗೆ ಹೋಯಿತು. ಉಡುಪಿ ಜಿಲ್ಲೆಯ ಆರು ಕ್ಷೇತ್ರ ಐದಾದವು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಹಿಡಿದು ಮಾಡಿದ ಈ ಪುನರ್ವಿಂಗಡಣೆಯ ಮೂಲ ತತ್ವವನ್ನು ನಾನು ಒಪ್ಪುತ್ತೇನೆ. ಬೆಂಗಳೂರಿನವರ ಮತಕ್ಕೂ ನಮ್ಮ ಮತಕ್ಕೂ ಒಂದೇ ತೂಕ ಇರಬೇಕು.

ಆದರೂ ಬ್ರಹ್ಮಾವರಕ್ಕೆ ತನ್ನದೇ ಗುಣವಿತ್ತು. 1999 ಮತ್ತು 2004ರಲ್ಲಿ ಅದು ಕೆ. ಜಯಪ್ರಕಾಶ್ ಹೆಗ್ಡೆಯವರನ್ನು ಪಕ್ಷೇತರರಾಗಿ ಗೆಲ್ಲಿಸಿತು. ಚಿಹ್ನೆ ನೋಡದೆ ಜನ ನೋಡಿ ಮತ ಹಾಕುವ ಆ ಗುಣ ಗಡಿ ಅಳಿಸಿದ್ದಕ್ಕೆ ಅಳಿಯಲಿಲ್ಲ; 2013ರಲ್ಲಿ ಕುಂದಾಪುರವೂ ಹಾಲಾಡಿ ಶ್ರೀನಿವಾಸ ಶೆಟ್ಟರನ್ನು ಪಕ್ಷೇತರರಾಗಿಯೇ ಆರಿಸಿತು. ಹಾಗಾಗಿ ಬ್ರಹ್ಮಾವರದ ನಷ್ಟವನ್ನು ತಾಳಿಕೊಳ್ಳಬಹುದು.

ಅದೇ ಜಿಲ್ಲೆಯ ಬೈಂದೂರಿನದು ತಾಳಿಕೊಳ್ಳುವಂಥದ್ದಲ್ಲ. ಶ್ರೀನಿವಾಸ ಮಲ್ಯ, ಟಿ. ಎ. ಪೈ, ಆಸ್ಕರ್ ಫರ್ನಾಂಡಿಸ್ ಅವರನ್ನು ದಿಲ್ಲಿಗೆ ಕಳಿಸಿದ ಉಡುಪಿ ಲೋಕಸಭಾ ಕ್ಷೇತ್ರವೂ ಆಗಲೇ ಮುಗಿಯಿತು. ಉಳಿದ ಕರಾವಳಿ ಚಿಕ್ಕಮಗಳೂರಿನ ಜೊತೆ ಸೇರಿತು. ಬೈಂದೂರನ್ನು ಮಾತ್ರ ಎತ್ತಿ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಕೊಟ್ಟರು. ಅಲ್ಲಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕಡಲು ಇರುವುದು ಇದೊಂದಕ್ಕೇ. ಜಿಲ್ಲಾಧಿಕಾರಿ ಮಣಿಪಾಲದಲ್ಲಿ, ಸಂಸದರ ಊರು ಘಟ್ಟದ ಮೇಲೆ. ಮರವಂತೆಯ ಕಡಲ್ಕೊರೆತ, ಗಂಗೊಳ್ಳಿಯ ಬಂದರು, ಕೊಂಕಣ ರೈಲು ಇವೆಲ್ಲ ಸೊರಬ, ಭದ್ರಾವತಿಯ ಮತದಾರರ ಚಿಂತೆಗಳಲ್ಲ, ಆಗಬೇಕಾಗಿಯೂ ಇಲ್ಲ. ಸಂಸದರು ಎಷ್ಟೇ ಶ್ರಮಿಸಿದರೂ ಎಂಟರಲ್ಲಿ ಏಳು ಪಾಲು ಗದ್ದೆ, ತೋಟ, ಕಾಡಿನ ಕಡೆಯೇ ಎಳೆಯುತ್ತದೆ.

ಪುನರ್ವಿಂಗಡಣಾ ಕಾಯ್ದೆ ಭೌಗೋಳಿಕ ಲಕ್ಷಣ, ಆಡಳಿತ ಗಡಿ, ಸಂಪರ್ಕ, ಜನರ ಅನುಕೂಲ ಎಲ್ಲವನ್ನೂ ಗಮನಿಸಬೇಕೆನ್ನುತ್ತದೆ. ಬೈಂದೂರಿನ ವಿಷಯದಲ್ಲಿ ಲೆಕ್ಕ ಸರಿಹೋಯಿತು, ಘಟ್ಟ ಮರೆತುಹೋಯಿತು. ಎಲ್ಲ ಕಡೆ ಹೀಗೇ ಆಗುವುದಿಲ್ಲ: ಸ್ಕಾಟ್ಲೆಂಡಿನಲ್ಲಿ 2005ರಲ್ಲಿ 72 ಸಂಸತ್ ಕ್ಷೇತ್ರಗಳು 59ಕ್ಕಿಳಿದವು. ಹಳೆಯ ಎಷ್ಟೋ ಹೆಸರುಗಳು ಹೋದವು. ಆದರೆ ಓರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳಿಗೆ, ಜನಸಂಖ್ಯೆ ತೀರಾ ಕಡಿಮೆಯಿದ್ದರೂ, ಪ್ರತ್ಯೇಕ ಸ್ಥಾನ ಉಳಿಯಿತು. ನಡುವೆ ಸಮುದ್ರವಿದೆ ಎಂಬುದನ್ನು ಅಲ್ಲಿ ಕಾರಣವೆಂದು ಒಪ್ಪಿದರು. ನಾವು ಅಷ್ಟು ವಿನಾಯಿತಿ ಕೇಳುತ್ತಿಲ್ಲ. ಮುಂದಿನ ಪುನರ್ವಿಂಗಡಣೆಯ ಆಯೋಗ ಅಹವಾಲು ಕೇಳಲು ಕೂತಾಗ, ಬೈಂದೂರನ್ನು ಅದರ ಜಿಲ್ಲೆ ಇರುವ ಲೋಕಸಭಾ ಕ್ಷೇತ್ರಕ್ಕೇ ಸೇರಿಸಿ ಎಂದು ನಾವೆಲ್ಲ ಒಟ್ಟಾಗಿ ಬರೆದುಕೊಡಬೇಕು.